ಗರಡಿಯ ಮಣ್ಣು ಮತ್ತು ಜಗತ್ತಿನ ಕಣ
(ಖಾಶಾಬಾ ಜಾಧವರ ಸಾಧನೆಯನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಚಾರ)

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತೇರು ಸಾಗಿದ ಮೇಲೆ ಕುಸ್ತಿಯ ಕಣ ಸಿದ್ಧವಾಗುವುದು ವಾಡಿಕೆ. ಹುಡುಗರ ಜೋಡಿಗಳಿಂದ ಮೊದಲಾದ ಸೆಣಸಾಟವು ಹೊತ್ತು ಇಳಿಯುವ ವೇಳೆಗೆ ಹೆಸರಾಂತ ಪೈಲ್ವಾನರ ನಿಕಾಲಿ ಕುಸ್ತಿಯಲ್ಲಿ ಮುಕ್ತಾಯಗೊಳ್ಳುತ್ತದೆ. ಗೆದ್ದವನ ಕೈಗೆ ಬೆಳ್ಳಿಯ ಕಡಗ ಏರುತ್ತದೆ. ತಲೆಗೆ ರುಮಾಲು ಸುತ್ತುತ್ತಾರೆ. ಹಲಗೆಯವರು ಅವನ ಮುಂದೆ ಸಾಗುತ್ತಾರೆ. ಸಂಗ್ರಾಣಿ ಕಲ್ಲನ್ನು ಎತ್ತುವ, ಜೋಳದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಹೊರುವ ಸಾಹಸಿಗಳಿಗೂ ಈ ನಾಡಿನಲ್ಲಿ ಕೊರತೆಯಿಲ್ಲ. ದೇಹಬಲವು ಇಷ್ಟು ಸಮೃದ್ಧವಾಗಿರುವ ಸೀಮೆಗಳಿಂದ ಜಗತ್ತಿನ ಕ್ರೀಡಾಮಹೋತ್ಸವಗಳಲ್ಲಿ ಗೆದ್ದು ಬರುವವರು ಮಾತ್ರ ಏಕೆ ಇಷ್ಟು ವಿರಳ? ಗೆದ್ದ ಒಬ್ಬಿಬ್ಬರಾದರೂ ಯಾವ ಬಲದಿಂದ ಗೆದ್ದರು? ಈ ಪ್ರಶ್ನೆಗೆ ಉತ್ತರವನ್ನು ಬಹು ದೂರ ಹುಡುಕಬೇಕಾಗಿಲ್ಲ. ಕನ್ನಡ ನಾಡಿನ ಗಡಿಗೆ ಸಮೀಪದಲ್ಲಿಯೇ, ಕೃಷ್ಣಾ ನದಿಯ ಮೇಲ್ದಂಡೆಯಲ್ಲಿ ಅದಕ್ಕೊಂದು ನಿದರ್ಶನವಿದೆ.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕರಾಡದಲ್ಲಿ ಕೊಯ್ನಾ ನದಿಯು ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಹರಿದ ನೀರೇ ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಎದುರುಗೊಳ್ಳುವುದು. ಕರಾಡವೆಂದರೆ ಶಾಸನಗಳ ಕರಹಾಟ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿಯ ತವರು. ಆ ಚಕ್ರವರ್ತಿಯ ಮಗನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಮಲ್ಲರನ್ನು ಬಲಕ್ಕೂ ವಯಸ್ಸಿಗೂ ತಕ್ಕಂತೆ ವಿಂಗಡಿಸುವ ಬಗೆ, ಅವರ ಆಹಾರ, ಸಾಧನೆಯ ಕ್ರಮ ಇವೆಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ಸಮಬಲರನ್ನು ಸಮಬಲರೊಡನೆಯೇ ಸೆಣಸಿಸಬೇಕೆಂಬ ವಿವೇಕವು ನಮ್ಮವರಿಗೆ ಪರದೇಶದಿಂದ ಬಂದದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕಾವ್ಯಶಾಸ್ತ್ರಗಳನ್ನು ಓದುವವರು ಈ ಭಾಗವನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಅದು ಅವರಿಗೇ ನಷ್ಟ.

ಈ ಕರಾಡದ ಮಗ್ಗುಲಿನ ಗೋಳೇಶ್ವರವೆಂಬ ಹಳ್ಳಿಯಲ್ಲಿ 1926ನೆಯ ಇಸವಿ ಜನವರಿ 15ರಂದು ಖಾಶಾಬಾ ಜಾಧವರು ಜನಿಸಿದರು. ತಂದೆ ದಾದಾಸಾಹೇಬರು ಸ್ವತಃ ಪೈಲ್ವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯವರು. ಐದನೆಯ ವಯಸ್ಸಿಗೇ ತಂದೆಯು ಮಗನನ್ನು ಮಟ್ಟಿಗೆ ಇಳಿಸಿದರು. ಮನೆಯ ಹಿರಿಯನೇ ಗುರುವಾದಾಗ ವಿದ್ಯೆಯು ಪಾಠವೆನಿಸುವುದಿಲ್ಲ, ಉಸಿರಾಟದಂತೆ ಸಹಜವಾಗುತ್ತದೆ. ದಂಡ, ಬಸ್ಕಿ, ಬೆಳಗಿನ ಜಾವದ ಏಳುವಿಕೆ, ಮಿತವಾದ ನಡೆನುಡಿ ಇವನ್ನು ಬಾಲಕನು ಬೇರೆಯಾಗಿ ಕಲಿಯಬೇಕಾಗಲಿಲ್ಲ. ಕರಾಡದ ಟಿಳಕ ಪ್ರೌಢಶಾಲೆಯಲ್ಲಿ ಅವರ ವಿದ್ಯಾಭ್ಯಾಸ. 'ಭಾರತ ಬಿಟ್ಟು ತೊಲಗಿ' ಚಳವಳಿಯ ದಿನಗಳಲ್ಲಿ ಭೂಗತರಾಗಿದ್ದ ಹೋರಾಟಗಾರರಿಗೆ ಆಶ್ರಯವಿತ್ತವರಲ್ಲಿ ಅವರೂ ಒಬ್ಬರು.

ಅನಂತರ ಅವರು ಸೇರಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜನ್ನು. ಕೊಲ್ಲಾಪುರವು ಮಲ್ಲವಿದ್ಯೆಗೆ ಕಾಶಿಯಿದ್ದಂತೆ. ಛತ್ರಪತಿ ಶಾಹೂ ಮಹಾರಾಜರು ದೇಶದ ನಾನಾ ಕಡೆಗಳ ಮಲ್ಲರಿಗೆ ಆಶ್ರಯಕೊಟ್ಟು, ಸಹಸ್ರಾರು ಜನ ಏಕಕಾಲದಲ್ಲಿ ಕುಳಿತು ನೋಡಬಲ್ಲ ಖಾಸಬಾಗ ಮೈದಾನವನ್ನು ಕಟ್ಟಿಸಿದರು; ಅದು 1912ರಲ್ಲಿ ಪೂರ್ಣಗೊಂಡಿತು. ಮೋತಿಬಾಗ, ಗಂಗಾವೇಶ ಮೊದಲಾದ ತಾಲೀಮುಗಳಿಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯ ತರುಣರು ಹಾಸಿಗೆ ಕಟ್ಟಿಕೊಂಡು ಹೋಗಿ ನೆಲಸುವುದು ಬಹು ಕಾಲದಿಂದ ಬಂದ ರೂಢಿ. ಅಲ್ಲಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಹದಗೊಳಿಸುತ್ತಾರೆ. ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಯಾರೂ ಕಣಕ್ಕೆ ಇಳಿಯುವುದಿಲ್ಲ.

ಇಂಥ ಊರಿನಲ್ಲಿ ಹಳ್ಳಿಯಿಂದ ಬಂದ ಗಿಡ್ಡ ಮೈಕಟ್ಟಿನ ತರುಣನೊಬ್ಬನು ಕಾಲೇಜಿನ ಕುಸ್ತಿಸ್ಪರ್ಧೆಗೆ ಹೆಸರು ಕೊಡಲು ಹೋದಾಗ ಅಲ್ಲಿನ ವ್ಯಾಯಾಮ ಶಿಕ್ಷಕರು ಅವನ ಎತ್ತರವನ್ನು ನೋಡಿ ಒಪ್ಪಲಿಲ್ಲ. ಹಿಂಜರಿಯದ ಖಾಶಾಬಾ ನೇರವಾಗಿ ಪ್ರಾಚಾರ್ಯರ ಬಳಿಗೆ ಹೋದರು. ಪ್ರಾಚಾರ್ಯರು ಅವಕಾಶ ಮಾಡಿಕೊಟ್ಟರು. ತನಗಿಂತ ದೊಡ್ಡ ಆಳುಗಳನ್ನು ಆ ತರುಣನು ಒಬ್ಬರ ಮೇಲೊಬ್ಬರಂತೆ ಚಿತ್ ಮಾಡಿದನು. ಪ್ರಾಚಾರ್ಯರು ಅಂದು ಕೇವಲ ನಿಯಮವನ್ನು ನೋಡಿದ್ದರೆ, ಅಥವಾ ಹುಡುಗನಿಗೆ ಅವರ ಕೋಣೆಯ ಬಾಗಿಲು ತಟ್ಟುವ ಧೈರ್ಯವಿಲ್ಲದಿದ್ದರೆ, ಈ ಚರಿತ್ರೆಯೇ ಬೇರೆಯಾಗುತ್ತಿತ್ತು. ಎಷ್ಟು ಶಾಲೆಗಳಲ್ಲಿ ಎಷ್ಟು ಬಾಲಕರು ಇಂಥ ಬಾಗಿಲಿನ ಹೊರಗಿನಿಂದಲೇ ಹಿಂದಿರುಗಿರಬಹುದೆಂಬುದನ್ನು ಶಿಕ್ಷಕವರ್ಗವು ಯೋಚಿಸಬೇಕಾದದ್ದಿದೆ.

1948ರ ಲಂಡನ್ ಒಲಿಂಪಿಕ್ಸಿಗೆ ಖಾಶಾಬಾ ಆಯ್ಕೆಯಾದರು. ಪ್ರಯಾಣದ ವೆಚ್ಚವನ್ನು ಕೊಲ್ಲಾಪುರದ ಮಹಾರಾಜರು ಭರಿಸಿದರು. ಅಲ್ಲಿ ಅವರಿಗೆ ಎದುರಾದ ಮೊದಲ ಪ್ರತಿಸ್ಪರ್ಧಿ ಮನುಷ್ಯನಲ್ಲ, ನೆಲ. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ಮಣ್ಣನ್ನು ತುಳಿದವರು ಬೂಟು ಧರಿಸಿ ಮ್ಯಾಟಿನ ಮೇಲೆ ನಿಲ್ಲಬೇಕಾಯಿತು. ಇದು ಸಾಮಾನ್ಯವಾದ ವ್ಯತ್ಯಾಸವಲ್ಲ. ಮಣ್ಣಿನ ಕುಸ್ತಿಯಲ್ಲಿ ಲಂಗೋಟಿಯನ್ನು ಹಿಡಿಯಬಹುದು; ಮ್ಯಾಟಿನ ಕುಸ್ತಿಯಲ್ಲಿ ಉಡುಪಿಗೆ ಕೈಹಾಕುವಂತಿಲ್ಲ. ಮಣ್ಣಿನಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗುವವರೆಗೆ ತಾಳ್ಮೆಯಿಂದ ಹೊಂಚುಹಾಕಬಹುದು. ಮ್ಯಾಟಿನ ಮೇಲೆ ಗಡಿಯಾರವು ಓಡುತ್ತಿರುತ್ತದೆ, ಚಿತ್ ಆಗದಿದ್ದರೆ ತೀರ್ಪುಗಾರರ ಎಣಿಕೆಯೇ ಜಯಾಪಜಯಗಳನ್ನು ನಿರ್ಧರಿಸುತ್ತದೆ. ಅಮೆರಿಕದ ರೀಸ್ ಗಾರ್ಡನರ್ ಎಂಬ ಶಿಕ್ಷಕನು ಲಂಡನ್ನಿನಲ್ಲಿ ಅವರಿಗೆ ಈ ಹೊಸ ಪದ್ಧತಿಯ ಪಟ್ಟುಗಳನ್ನು ಕಲಿಸಿದನು. ಆಸ್ಟ್ರೇಲಿಯದ ಮತ್ತು ಅಮೆರಿಕದ ಮಲ್ಲರನ್ನು ಗೆದ್ದು, ಇರಾನಿನ ಮನ್ಸೂರ್ ರಯೀಸಿಗೆ ಸೋತು, ಖಾಶಾಬಾ ಫ್ಲೈವೇಟ್ ವಿಭಾಗದಲ್ಲಿ ಆರನೆಯ ಸ್ಥಾನವನ್ನು ಪಡೆದರು. ಅಪರಿಚಿತ ಪದ್ಧತಿಯಲ್ಲಿ ಇದು ಅಲ್ಪ ಸಾಧನೆಯಲ್ಲ. ಆದರೆ ಅವರಿಗೆ ತೃಪ್ತಿಯಾಗಲಿಲ್ಲ. ಊರಿಗೆ ಮರಳಿ ಮುಂದಿನ ನಾಲ್ಕು ವರ್ಷ ಮ್ಯಾಟಿನ ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಾಧನೆಯನ್ನು ಮುಂದುವರಿಸಿದರು.

ಹೆಲ್ಸಿಂಕಿಯ ದಾರಿ ಸುಗಮವಾಗಿರಲಿಲ್ಲ. ಮದರಾಸಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅವರು ಒಂದೇ ಒಂದು ಅಂಕದಿಂದ ಹಿಂದೆ ಬಿದ್ದರು. ತೀರ್ಪಿನಲ್ಲಿ ತಮಗೆ ಅನ್ಯಾಯವಾಗಿದೆಯೆಂದು ಭಾವಿಸಿ, ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಪಟಿಯಾಲದ ಮಹಾರಾಜ ಯಾದವೀಂದ್ರ ಸಿಂಗರಲ್ಲಿ ಮೊರೆಯಿಟ್ಟರು. ಮಹಾರಾಜರು ಇನ್ನೊಂದು ಪರೀಕ್ಷಾ ಕುಸ್ತಿಯನ್ನು ಏರ್ಪಡಿಸಿದರು. ಖಾಶಾಬಾ ಕ್ಷಣಾರ್ಧದಲ್ಲಿ ಎದುರಾಳಿಯನ್ನು ಚಿತ್ ಮಾಡಿದರು. ಆಯ್ಕೆಯೇನೋ ಆಯಿತು, ಹಣವೆಲ್ಲಿ? ಕುಟುಂಬದವರೂ ಗ್ರಾಮಸ್ಥರೂ ಮನೆಮನೆಗೆ ತಿರುಗಿ ಪಟ್ಟಿ ಎತ್ತಿದರು. ಅದು ಸಾಲಲಿಲ್ಲ. ಆಗ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಾವು ವಾಸಿಸುವ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ತಂದುಕೊಟ್ಟರು. 1952ರಲ್ಲಿ ಏಳು ಸಾವಿರವೆಂದರೆ ಎಷ್ಟು ದೊಡ್ಡ ಮೊತ್ತವೆಂಬುದನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಬೇಕು. ಶಿಷ್ಯನು ಗೆದ್ದು ಬರುವನೆಂಬ ಖಾತ್ರಿ ಯಾರಿಗೂ ಇರಲಿಲ್ಲ. ಸೋತು ಬಂದಿದ್ದರೆ ಗುರುವಿನ ಸಂಸಾರವು ಬೀದಿಗೆ ಬರಬಹುದಾಗಿತ್ತು. ಶರಣರು ದಾಸೋಹವೆಂದು ಕರೆದದ್ದರ ಅರ್ಥವನ್ನು ಅನ್ನದಾನಕ್ಕೆ ಮಾತ್ರ ಸೀಮಿತಗೊಳಿಸುವವರು ಈ ಪ್ರಸಂಗವನ್ನು ಗಮನಿಸುವುದು ಲೇಸು.

ಹೆಲ್ಸಿಂಕಿಯಲ್ಲಿ ಖಾಶಾಬಾ ಸ್ಪರ್ಧಿಸಿದ್ದು 57 ಕಿಲೋಗ್ರಾಂ ತೂಕದ ಬ್ಯಾಂಟಮ್‌ವೇಟ್ ವಿಭಾಗದಲ್ಲಿ. ಕೆನಡಾ, ಮೆಕ್ಸಿಕೋ, ಜರ್ಮನಿಗಳ ಮಲ್ಲರನ್ನು ಸೋಲಿಸಿ ಅವರು ಕೊನೆಯ ಮೂವರಲ್ಲಿ ಒಬ್ಬರಾದರು. ಉಳಿದಿಬ್ಬರು ಜಪಾನಿನ ಶೋಹಾಚಿ ಇಷಿಯೂ ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವನೂ. ಇಷಿಯೊಡನೆ ನಡೆದದ್ದು ಹದಿನೈದು ನಿಮಿಷಗಳ ದೀರ್ಘ ಸೆಣಸಾಟ. ಖಾಶಾಬಾ ಅಲ್ಪ ಅಂತರದಿಂದ ಸೋತರು. ಎರಡು ಕುಸ್ತಿಗಳ ನಡುವೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಇರಬೇಕೆಂಬುದು ನಿಯಮ. ಆ ವಿಶ್ರಾಂತಿಯು ಖಾಶಾಬಾರಿಗೆ ದೊರೆಯಲಿಲ್ಲವೆಂದೂ, ನಿಯಮವನ್ನು ತೋರಿಸಿ ಅವರ ಪರವಾಗಿ ವಾದಿಸಲು ಆ ಗಳಿಗೆಯಲ್ಲಿ ಭಾರತದ ಅಧಿಕಾರಿಗಳಾರೂ ಅಲ್ಲಿರಲಿಲ್ಲವೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಬಳಲಿದ ಮೈಯಲ್ಲಿಯೇ ಕಣಕ್ಕಿಳಿದು ಸೋವಿಯತ್ ಮಲ್ಲನಿಗೂ ಸೋತರು. ಇಷಿಗೆ ಚಿನ್ನ, ಮಮ್ಮದ್‌ಬೆಯೊವನಿಗೆ ಬೆಳ್ಳಿ, ಖಾಶಾಬಾ ಜಾಧವರಿಗೆ ಕಂಚು. ಅದು 1952ನೆಯ ಇಸವಿ ಜುಲೈ 23. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊಟ್ಟಮೊದಲ ಒಲಿಂಪಿಕ್ ಪದಕವದು.

ವಿಚಾರ ಮಾಡಬೇಕಾದ ತಾಣವಿದು. ಗೋಳೇಶ್ವರದ ಮಣ್ಣು ಕೊಡಬಹುದಾದದ್ದನ್ನೆಲ್ಲ ಕೊಟ್ಟಿತ್ತು. ತಂದೆ ಕೊಟ್ಟಿದ್ದರು, ಊರು ಕೊಟ್ಟಿತ್ತು, ಗುರು ಮನೆಯನ್ನೇ ಕೊಟ್ಟಿದ್ದರು. ಕೊರತೆಯಾದದ್ದು ಬಲವಲ್ಲ, ಛಲವಲ್ಲ. ನಿಯಮಪುಸ್ತಕವನ್ನು ಬಲ್ಲ, ಅದನ್ನು ತೀರ್ಪುಗಾರರ ಮುಂದಿಟ್ಟು ಅವರ ಭಾಷೆಯಲ್ಲಿ ಮಾತನಾಡಬಲ್ಲ ಒಬ್ಬನೇ ಒಬ್ಬ ಮನುಷ್ಯ. ಆ ಒಬ್ಬನಿದ್ದಿದ್ದರೆ ಕಂಚು ಬೆಳ್ಳಿಯಾಗುತ್ತಿತ್ತೋ ಚಿನ್ನವಾಗುತ್ತಿತ್ತೋ ಹೇಳಲಾಗದು. ದಣಿವಾರಿಸಿಕೊಂಡ ಖಾಶಾಬಾರನ್ನಾದರೂ ಜಗತ್ತು ನೋಡುತ್ತಿತ್ತು. ಪ್ರಾದೇಶಿಕ ಕ್ರೀಡಾಪಟುವಿನ ಬಲವು ಅವನ ನೆಲದಿಂದ ಬರುತ್ತದೆ. ಆದರೆ ಆ ನೆಲವು ಜಗತ್ತಿನ ನಿಯಮ, ಜಗತ್ತಿನ ಹಾಸು, ಜಗತ್ತಿನ ಭಾಷೆ ಇವುಗಳವರೆಗೆ ಅವನನ್ನು ಕೈಹಿಡಿದು ಕೊಂಡೊಯ್ಯುವ ವ್ಯವಸ್ಥೆಯನ್ನೂ ಬೆಳೆಸಿಕೊಳ್ಳಬೇಕಾಗುತ್ತದೆ.

ಅಂದು ಚಿನ್ನವನ್ನು ಗೆದ್ದವನ ಹಿನ್ನೆಲೆಯನ್ನು ನೋಡಿದರೆ ಇದು ಇನ್ನೂ ವಿಶದವಾಗುತ್ತದೆ. ಇಷಿಯು ಮೊದಲು ಅಭ್ಯಾಸ ಮಾಡಿದ್ದು ಜೂಡೋ ಎಂಬ ಜಪಾನೀ ದೇಶೀಯ ವಿದ್ಯೆಯನ್ನು. ಜಪಾನಿನಲ್ಲಿ ಒಲಿಂಪಿಕ್ ಕುಸ್ತಿಗೆ ಬುನಾದಿ ಹಾಕಿದ ಇಚಿರೊ ಹಟ್ಟಾ ಎಂಬುವನೂ ಮೂಲತಃ ಜೂಡೋಪಟುವೇ. ಅವನು ತನ್ನ ನಾಡಿನ ವಿದ್ಯೆಯನ್ನು ತೊರೆಯದೆ, ಅದರ ಪಟ್ಟುಗಳಲ್ಲಿ ಯಾವುವು ಮ್ಯಾಟಿನ ಮೇಲೆ ಸಲ್ಲುವುವು, ಯಾವುವು ಸಲ್ಲವು ಎಂಬುದನ್ನು ವಿಶ್ವವಿದ್ಯಾಲಯದ ತರುಣರೊಡನೆ ಕುಳಿತು ಪರಿಶೀಲಿಸಿದನು. 1952ರಲ್ಲಿ ಜಪಾನಿಗೆ ದೊರೆತ ಏಕೈಕ ಚಿನ್ನವು ಇಷಿಯದೇ. ಮಮ್ಮದ್‌ಬೆಯೊವನು ಅಜರ್‌ಬೈಜಾನಿನವನು, ಅಲ್ಲಿಯೂ ದೇಶೀಯ ಕುಸ್ತಿಯ ಪರಂಪರೆ ಪುರಾತನವಾದದ್ದು. ಹೀಗೆ ಅಂದಿನ ಪೀಠದ ಮೇಲೆ ನಿಂತ ಮೂವರ ಬೆನ್ನ ಹಿಂದೆಯೂ ಒಂದೊಂದು ನಾಡಿನ ಹಳೆಯ ಮಲ್ಲವಿದ್ಯೆಯಿತ್ತು. ಉಳಿದಿಬ್ಬರ ನಾಡುಗಳು ಆ ವಿದ್ಯೆಯನ್ನು ಮ್ಯಾಟಿಗೆ ಒಗ್ಗಿಸುವ ಕೆಲಸವನ್ನು ಸಂಸ್ಥೆಗಳಿಗೆ ವಹಿಸಿದ್ದವು. ನಮ್ಮಲ್ಲಿ ಅದನ್ನು ಒಬ್ಬ ತರುಣನು ಏಕಾಂಗಿಯಾಗಿ ಮಾಡಿಕೊಂಡನು.

ಆ ಬಳಿಕ ಏನಾಯಿತು? ಕುಸ್ತಿಯಲ್ಲಿ ಭಾರತಕ್ಕೆ ಮತ್ತೊಂದು ಒಲಿಂಪಿಕ್ ಪದಕ ದೊರೆಯಲು 56 ವರ್ಷ ಕಾಯಬೇಕಾಯಿತು. 2008ರಲ್ಲಿ ಬೀಜಿಂಗಿನಲ್ಲಿ ಸುಶೀಲ್ ಕುಮಾರ್ ಕಂಚನ್ನು ಗೆದ್ದರು. ಅನಂತರದ ಪದಕಗಳು ಹೆಚ್ಚಾಗಿ ಹರಿಯಾಣದ ಕಡೆಗೇ ಹೋದುವು: 2012ರಲ್ಲಿ ಯೋಗೇಶ್ವರ ದತ್ತ, 2016ರಲ್ಲಿ ಸಾಕ್ಷಿ ಮಲಿಕ್, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ರವಿ ದಹಿಯಾ ಮತ್ತು ಬಜರಂಗ್ ಪೂನಿಯಾ, 2024ರ ಪ್ಯಾರಿಸ್ ಕೂಟದಲ್ಲಿ ಅಮನ್ ಸೆಹ್ರಾವತ್. ಅಮನ್ ಗೆದ್ದದ್ದು ಖಾಶಾಬಾರ ತೂಕವಾದ 57 ಕಿಲೋಗ್ರಾಂ ವಿಭಾಗದಲ್ಲಿಯೇ. ಕೊಲ್ಲಾಪುರದ ಹಾಲು ತುಪ್ಪಗಳಿಗಿಂತ ಹರಿಯಾಣದ ಹಾಲು ತುಪ್ಪಗಳಲ್ಲಿ ವಿಶೇಷ ಸತ್ತ್ವವಿದೆಯೆಂದು ಇದಕ್ಕೆ ಅರ್ಥವಲ್ಲ. ಅಲ್ಲಿಯ ಬಾಲಕರು ಎಳವೆಯಿಂದಲೇ ಮ್ಯಾಟಿನ ಮೇಲೆ ಬೆಳೆಯತೊಡಗಿದರು. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದ್ದ ಸತ್ಪಾಲರು ದೆಹಲಿಯ ಛತ್ರಸಾಲ ಕ್ರೀಡಾಂಗಣದಲ್ಲಿ ಗುರುವಾಗಿ ನಿಂತರು. ಜಗತ್ತಿನ ಕಣವನ್ನು ಸ್ವತಃ ಕಂಡವನು ಗುರುವಾದಾಗ ಶಿಷ್ಯನು ಅದನ್ನು ಹೊಸದಾಗಿ ಕಂಡು ಬೆದರಬೇಕಾಗುವುದಿಲ್ಲ. ಪದಕ ಗೆದ್ದವರಿಗೆ ಅಲ್ಲಿಯ ಸರ್ಕಾರವು ನೌಕರಿಯನ್ನೂ ಧನವನ್ನೂ ಕೊಡುವ ಪದ್ಧತಿಯನ್ನಿಟ್ಟುಕೊಂಡದ್ದರಿಂದ ರೈತಕುಟುಂಬಗಳು ಮಕ್ಕಳನ್ನು ಹಿಂದೆಗೆಯದೆ ಕಳುಹಿಸಿದುವು. ಹೆಣ್ಣುಮಕ್ಕಳನ್ನೂ ಕಳುಹಿಸಿದುವೆಂಬುದು ಅದರ ಹಿರಿಮೆ. ಆ ಕಾರಣದಿಂದಲೇ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು.

ನಮ್ಮ ಕೃಷ್ಣಾತೀರದ ಪೈಲ್ವಾನನ ಸ್ಥಿತಿ ಬೇರೆ. ಜಾತ್ರೆಯ ಕುಸ್ತಿಯಲ್ಲಿ ಅಂದಿನ ಗಳಿಕೆ ಅಂದೇ ಕೈಸೇರುತ್ತದೆ. ಮ್ಯಾಟಿನ ಸಾಧನೆಗೆ ವರ್ಷಗಟ್ಟಲೆ ಕಾಯಬೇಕು. ಕಾದರೂ ಫಲ ಅನಿಶ್ಚಿತ. ಬಡವರ ಮನೆಯ ಮಗನು ಬೆಳ್ಳಿಯ ಕಡಗವನ್ನು ಬಿಟ್ಟು ಕಾಣದ ಪದಕಕ್ಕೆ ಕೈಚಾಚಬೇಕೆಂದು ಬೋಧಿಸುವುದು ಸುಲಭ, ಅವನ ಊಟದ ಖರ್ಚನ್ನು ವಹಿಸಿಕೊಳ್ಳುವುದು ಕಷ್ಟ. ಆದುದರಿಂದ ಮಣ್ಣನ್ನು ದೂಷಿಸುವವರ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು. ಮಣ್ಣು ಸಾಮರ್ಥ್ಯವನ್ನು ಕೊಡುತ್ತದೆ. ಮಣ್ಣಿನಲ್ಲಿಯೇ ನಿಂತುಬಿಡುವಂತೆ ಮಾಡುವುದು ಬಡತನ.

ಆಟದ ನೆಲ ಬದಲಾದಾಗ ನಾಡಿನ ವಿದ್ಯೆ ತತ್ತರಿಸಿದ್ದು ಕುಸ್ತಿಯೊಂದರಲ್ಲಿಯೇ ಅಲ್ಲ. ಹುಲ್ಲಿನ ಮೈದಾನದಲ್ಲಿ ಹಾಕಿಯ ಚಕ್ರವರ್ತಿಗಳಾಗಿದ್ದ ಭಾರತೀಯರು 1976ರಲ್ಲಿ ಮಾಂಟ್ರಿಯಲಿನ ಕೃತಕ ಹಾಸಿನ ಮೇಲೆ ಏಳನೆಯ ಸ್ಥಾನಕ್ಕಿಳಿದರು. ಆದರೂ ಕೊಡಗಿನಂಥ ಒಂದು ಪುಟ್ಟ ಜಿಲ್ಲೆ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಮೊದಲಾದವರನ್ನು ದೇಶದ ತಂಡಕ್ಕೆ ಕೊಟ್ಟಿತು. ಹಾಕಿ ಅಲ್ಲಿ ಮನೆತನದ ಆಟ. 1997ರಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಆಡುತ್ತದೆ. ಅಲ್ಲಿಯ ಬಾಲಕನು ಅಂಗಳದಲ್ಲಿ ಕಲಿತ ಆಟದ ನಿಯಮವೂ ಜಗತ್ತಿನ ಆಟದ ನಿಯಮವೂ ಬಹುಮಟ್ಟಿಗೆ ಒಂದೇ. ಪೈಲ್ವಾನನಿಗೆ ಆ ಅನುಕೂಲವಿಲ್ಲ. ಅವನು ಒಂದು ವ್ಯಾಕರಣವನ್ನು ಕಲಿತು ಇನ್ನೊಂದು ಭಾಷೆಯಲ್ಲಿ ಕಾವ್ಯ ಬರೆಯಬೇಕು.

ಅದು ಅಸಾಧ್ಯವೇನೂ ಅಲ್ಲ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಕುಸ್ತಿ ಚಾಂಪಿಯನ್‌ಶಿಪ್ಪಿನಲ್ಲಿ 55 ಕಿಲೋಗ್ರಾಂ ವಿಭಾಗದ ಕಂಚನ್ನು ಪಡೆದರು. ಅವರು ಗೆದ್ದದ್ದು ಗ್ರೀಕೋ-ರೋಮನ್ ಪದ್ಧತಿಯಲ್ಲಿ. ಸೊಂಟದ ಕೆಳಗೆ ಹಿಡಿಯಬಾರದೆಂಬ ನಿಯಮವುಳ್ಳ ಆ ಪದ್ಧತಿಯಷ್ಟು ಜಾತ್ರೆಯ ಕುಸ್ತಿಗೆ ದೂರವಾದುದು ಮತ್ತೊಂದಿಲ್ಲ. ಖಾಶಾಬಾರ ನಂತರ ಮಹಾರಾಷ್ಟ್ರಕ್ಕೆ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದ ಸ್ವಪ್ನಿಲ್ ಕುಸಾಳೆಯವರ ಕಥೆಯೂ ಗಮನಾರ್ಹ. ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ ಅವರ ಊರು. ತಂದೆ ಶಾಲಾ ಶಿಕ್ಷಕರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಗೆದ್ದದ್ದು ಕುಸ್ತಿಯಲ್ಲಲ್ಲ, ರೈಫಲ್ ಗುರಿಯಲ್ಲಿ. ಆ ಹಳ್ಳಿಯಲ್ಲಿ ರೈಫಲ್ ಕಲಿಯುವುದೆಂತು? 2009ರಲ್ಲಿ ತಂದೆ ಮಗನನ್ನು ಸರ್ಕಾರದ ಕ್ರೀಡಾ ಪ್ರಬೋಧಿನಿಗೆ ಸೇರಿಸಿದರು. ವಸತಿ, ಊಟ, ಶಿಕ್ಷಣ, ತರಬೇತಿ ಎಲ್ಲವೂ ಒಂದೆಡೆ ದೊರೆತುವು. 1952ರಲ್ಲಿ ಪ್ರಾಚಾರ್ಯರೊಬ್ಬರು ಮನೆ ಒತ್ತೆಯಿಟ್ಟು ಮಾಡಿದ ಕೆಲಸವನ್ನು ಇಲ್ಲಿ ಒಂದು ಸಂಸ್ಥೆ ಮಾಡಿತು. ಪ್ರಸಾದನಿಲಯಗಳನ್ನು ನಡೆಸುವ ಮಠಗಳಿಗೆ ಈ ಕ್ರಮ ಅಪರಿಚಿತವಾದುದಲ್ಲ. ಅನ್ನವೂ ಅಕ್ಷರವೂ ಇರುವಲ್ಲಿ ಒಂದು ಮ್ಯಾಟನ್ನು ಹಾಸುವುದು, ನಿಯಮಗಳನ್ನು ಬಲ್ಲ ಒಬ್ಬ ಶಿಕ್ಷಕನನ್ನು ನೇಮಿಸುವುದು ಅಷ್ಟೇನೂ ದೊಡ್ಡ ಮಾತಲ್ಲ.

ಹೆಲ್ಸಿಂಕಿಯಿಂದ ಮರಳಿದ ಖಾಶಾಬಾರನ್ನು ಎದುರುಗೊಳ್ಳಲು ಕರಾಡದ ರೈಲು ನಿಲ್ದಾಣಕ್ಕೆ ನೂರಕ್ಕೂ ಮಿಕ್ಕ ಎತ್ತಿನ ಬಂಡಿಗಳು ಬಂದಿದ್ದುವು. ಕಾಲು ಗಂಟೆಯ ದಾರಿಯನ್ನು ಮೆರವಣಿಗೆ ಕ್ರಮಿಸಲು ಏಳು ಗಂಟೆ ಹಿಡಿಯಿತಂತೆ. 1955ರಲ್ಲಿ ಅವರು ಪೊಲೀಸ್ ಇಲಾಖೆಯಲ್ಲಿ ಸಬ್‌ಇನ್ಸ್‌ಪೆಕ್ಟರರಾಗಿ ಸೇರಿ, ಸಹಾಯಕ ಆಯುಕ್ತರಾಗಿ ನಿವೃತ್ತರಾದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಮರಣೋತ್ತರವಾಗಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೆಹಲಿಯ ಕುಸ್ತಿಯ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಟ್ಟರು. ಗೋಳೇಶ್ವರದ ಅವರ ಮನೆಗೆ 'ಒಲಿಂಪಿಕ್ ನಿವಾಸ'ವೆಂದು ಹೆಸರು.

ಇವೆಲ್ಲಕ್ಕಿಂತ ಮೊದಲು, ಮೆರವಣಿಗೆಯ ಧೂಳು ಅಡಗಿದ ಮೇಲೆ, ಖಾಶಾಬಾ ಮಾಡಿದ ಕೆಲಸ ಒಂದಿತ್ತು. ಅವರು ತಮ್ಮ ಸೀಮೆಯಲ್ಲಿಯೇ ಕುಸ್ತಿಗಳನ್ನು ಏರ್ಪಡಿಸಿ ತಾವೇ ಕಣಕ್ಕಿಳಿದರು. ಹದಗೊಳಿಸಿದ ಅದೇ ಮಣ್ಣು, ಅದೇ ಬರಿಗಾಲು. ಗೆದ್ದು ಬಂದ ಹಣವನ್ನು ಒಯ್ದು ಖರ್ಡೇಕರರ ಕೈಗೆ ಕೊಟ್ಟು ಗುರುವಿನ ಮನೆಯನ್ನು ಒತ್ತೆಯಿಂದ ಬಿಡಿಸಿದರು.